ಎಡೆ ಸಾರಿನ ಉಪ್ಪು

ಉಪ್ಪಿಗೆ ವಾಸನೆ ಇಲ್ಲ ಅನ್ನೋರು ನಮ್ಮತ್ತೆ ಮಾಯಮ್ಮನ ಮುಂದೆ ನಿಂತು ಆ ಮಾತು ಹೇಳಬೇಕಿತ್ತು. ನೀರಿಳಿಸಿಬಿಡೋಳು. ಉಪ್ಪಿಗೆ ಇಲ್ಲದಿದ್ರೆ ಬುಡು, ಸಾರಿಗೆ ಅದೆಯಲ್ಲ, ಉಪ್ಪು ಬಿದ್ದ ಮೇಲೆ ಸಾರು ಉಸಿರಾಡೋ ರೀತಿನೇ ಬೇರೆ ಅನ್ನೋಳು. ನಾನು ಮದುವೆಯಾಗಿ ಮಂಡ್ಯದ ಹತ್ರದ ಹೊಳಲಿಗೆ ಬಂದ ಹೊಸತರಲ್ಲಿ, ಈ ಹೆಂಗಸಿಗೆ ತಲೇಲಿ ಎಲ್ಲೋ ಒಂದು ಮೊಳೆ ಸಡಿಲ ಅಂದ್ಕೊಂಡಿದ್ದೆ.

ಆಮೇಲೆ ಗೊತ್ತಾಯ್ತು, ಅದು ಆ ಮನೆ ಕಟ್ಟಳೆ. ಪಿತೃಪಕ್ಷದ ಅಮಾವಾಸ್ಯೆಗೆ ಸತ್ತ ಹಿರಿಯರಿಗೆ ಎಡೆ ಇಡ್ತೀವಿ. ಬಾಡಿನ ಸಾರು, ಮುದ್ದೆ, ಅನ್ನ, ವಡೆ, ಅವರು ಸೇದ್ತಿದ್ದ ಬೀಡಿ, ಹಾಕ್ತಿದ್ದ ಎಲೆಅಡಿಕೆ, ಎಲ್ಲಾನೂ ಬಾಳೆಎಲೆ ಮೇಲೆ ಬಡಿಸಿ, ಕೋಣೆ ಬಾಗಿಲು ಎಳ್ಕೊಂಡು ಆಚೆ ಕೂತ್ಕೋತೀವಿ. ಅವರು ಬಂದು ಉಂಡು ಹೋಗಕ್ಕೆ ಒಂದಷ್ಟು ಹೊತ್ತು ಬಿಟ್ಟು, ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆದು, ಆಮೇಲೆ ನಾವು ಉಣ್ಣೋದು. ಅಲ್ಲಿವರೆಗೂ ಆ ಅಡುಗೆನ ಯಾರೂ ನಾಲಿಗೆಗೆ ತಾಕಿಸೋ ಹಾಗಿಲ್ಲ. ತಾಕಿಸಿದ್ರೆ ಎಂಜಲು. ಹಾಗಾದ್ರೆ ಹಂಡೆ ತುಂಬ ಕುದಿಯೋ ಸಾರಿನ ಹದ ನೋಡೋದು ಹೇಗೆ? ಅಂಗೈನ ಹಬೆಗೆ ಹಿಡಿದು, ಮುಷ್ಟಿ ಕಟ್ಟಿ, ಮೂಗಿನ ಹತ್ರ ತಂದು ಬಿಚ್ಚಿ ಮೂಸಬೇಕು. ನಮ್ಮತ್ತೆ ಹಾಗೆ ಮೂಸಿ, ಇನ್ನೊಂದು ಚಿಟಿಕೆ ಅನ್ನೋಳು. ಹಾಕಿದ್ರೆ ಸರಿಹೋಗಿರೋದು.

ನಾನು ಪಟ್ಟಲಮ್ಮ, ಹುಟ್ಟಿದ್ದು ಕೊಕ್ಕರೆ ಬೆಳ್ಳೂರಲ್ಲಿ. ಅತ್ತೆಗೆ ನನ್ನ ಆಡಿಕೊಳ್ಳಕ್ಕೆ ಅಷ್ಟೇ ಸಾಕಾಗಿತ್ತು. ನಮ್ಮೂರ ಹುಣಸೇಮರಗಳ ಮೇಲೆ ಕೊಕ್ಕರೆ, ಹೆಜ್ಜಾರ್ಲೆ ಬಂದು ಗೂಡು ಕಟ್ಟಿ ಮರಿ ಮಾಡ್ಕೊಂಡು ಹೋಗ್ತವೆ. ಬಾಣಂತನಕ್ಕೆ ಬಂದ ಹೆಣ್ಮಕ್ಕಳು ಅಂತ ಒಬ್ಬರೂ ಕಲ್ಲು ಎಸೆಯಲ್ಲ. ಆದ್ರೆ ನಾತ ಅಂದ್ರೆ ನಾತ. ಮರಿಗೆ ತಂದ ಮೀನು ಕೆಳಗೆ ಬಿದ್ದು ಕೊಳೀತದೆ, ಹಿಕ್ಕೆ ಸುಣ್ಣ ಬಳಿದಂಗೆ ಬೀಳ್ತದೆ. ನಾನು ತವರಿಗೆ ಹೋಗಿ ಬಂದ್ರೆ ಸಾಕು, ಅತ್ತೆ ಸೆರಗಿಂದ ಮೂಗು ಮುಚ್ಚಿಕೊಂಡು, ಮೊದಲು ಹೋಗಿ ಮೈ ತೊಳ್ಕೋ ಅನ್ನೋಳು. ನಾನು ಮಾಡಿದ ಸಾರು ಉಂಡ ಮೇಲೆ ದಿನಾ ಒಂದೇ ಮಾತು, ಉಪ್ಪು ಕಮ್ಮಿ. ಎಷ್ಟು ಹಾಕಿದ್ರೂ ಉಪ್ಪು ಕಮ್ಮಿ. ಅಂಥವಳು ಒಂದು ಅಮಾವಾಸ್ಯೆ ದಿನ ಎಲ್ಲರ ಮುಂದೆ ನನ್ನನ್ನ ಹಂಡೆ ಹತ್ರ ಕರೆದು, ನೀನು ಮೂಸು ಅಂದ್ಳು. ಮೂಸಿ ಸರಿಯಾಗಿದೆ ಅಂದೆ. ಸೌಟು ನನ್ನ ಕೈಗೆ ಕೊಟ್ಟು ಹೋಗಿ ಜಗಲಿ ಮೇಲೆ ಕೂತ್ಕೊಂಡ್ಳು. ಅವತ್ತಿಂದ ಎಡೆ ಸಾರು ನಂದೇ.

ಕೊರೋನದ ಎರಡನೇ ಸುತ್ತಲ್ಲಿ ನಮ್ಮನೆ ಪೂರ್ತಿ ಮಲಗಿಬಿಡ್ತು. ನನ್ನ ಗಂಡ ಕೆಂಪರಾಜು ಬೇಗ ಎದ್ದ. ಅತ್ತೆಗೆ ಉಸಿರು ಕಟ್ಟಿ ಮಂಡ್ಯಕ್ಕೆ ಕರ್ಕೊಂಡು ಹೋದ್ರು. ವಾಪಸ್ ಬರಲಿಲ್ಲ. ಮುಖ ತೋರಿಸಲಿಲ್ಲ, ಬಾಯಿಗೆ ಒಂದು ತೊಟ್ಟು ನೀರು ಬಿಡಕ್ಕಾಗಲಿಲ್ಲ. ನಾನು ಜ್ವರದಲ್ಲಿ ಚಾಪೆ ಮೇಲೆ ಬಿದ್ದಿದ್ದೆ. ಅವಳ ಫೋಟೋ ಮುಂದೆ ಊದಿನಕಡ್ಡಿ ಹಚ್ಚಿದಾರೆ, ಹೊಗೆ ಕಣ್ಣಿಗೆ ಕಾಣ್ತದೆ, ಮೂಗಿಗೆ ಏನೂ ಇಲ್ಲ. ಅಳೋ ಗಲಾಟೆಲಿ ಅದನ್ನ ಯಾರಿಗೆ ಹೇಳೋದು?

ಬೇರೆಯವರಿಗೆ ಗೊತ್ತಾಗಿದ್ದು ಹಾಲಿಂದ. ಒಲೆ ಮುಂದೆಯೇ ನಿಂತಿದ್ದೀನಿ, ಹಾಲು ಸೀದು ಪಾತ್ರೆ ಕರ್ರಗಾಗಿದೆ, ನಾನು ಏನೋ ಯೋಚನೆ ಮಾಡ್ಕೊಂಡು ಆರಾಮಾಗಿದ್ದೀನಿ. ಎದುರುಮನೆಯಿಂದ ನನ್ನ ವಾರಗಿತ್ತಿ ವೀಣ ಓಡಿ ಬಂದು ಪಾತ್ರೆ ಇಳಿಸಿದ್ಳು. ಅವಳು ನನ್ನ ಮೈದುನ ರಾಜೇಂದ್ರನ ಹೆಂಡತಿ. ಪಾತ್ರೆ ನೋಡಿ, ಆಮೇಲೆ ನನ್ನ ಮುಖ ನೋಡಿದ್ಳು. ಅಲ್ಲಿಗೆ ಕೇರಿಗೆಲ್ಲ ಸುದ್ದಿ ಆಯ್ತು, ಪಟ್ಟಲಮ್ಮನ ಮೂಗು ಸತ್ತೋಗಿದೆ ಅಂತ.

ಮೂಗೊಂದೇ ಆಗಿದ್ರೆ ಹೋಗ್ಲಿ ಅನ್ನಬಹುದಿತ್ತು. ನಾಲೆ ಏರಿ ಹತ್ತಿದ್ರೆ ಎದೆ ಡವಡವ ಅನ್ನೋದು. ಕೂದಲು ಬಾಚಣಿಗೆ ತುಂಬ ಬರೋದು. ಬಾಯಿಗೆ ಬಂದ ಮಾತು ಬಾಯಲ್ಲೇ ಕರಗಿಹೋಗೋದು. ಒಂದು ದಿನ ಜರಡಿ ಅನ್ನೋ ಪದ ಸಿಗದೆ, ಆ ತೂತಿನ ತಟ್ಟೆ ಕೊಡು ಅಂದೆ. ಕೆಂಪರಾಜು ನಗಾಡ್ಕೊಂಡು ಇಡ್ಲಿ ತಟ್ಟೆ ತಂದುಕೊಟ್ಟ. ನಂಗೂ ನಗು ಬಂತು, ಆಮೇಲೆ ಹೆದರಿಕೆ ಆಯ್ತು. ಇವು ನಿಧಾನಕ್ಕೆ ಕಮ್ಮಿ ಆದವು. ಒಲೆ ಮುಂದೆ ಜಾಸ್ತಿ ಹೊತ್ತು ನಿಂತ್ರೆ ಏದುಸಿರು ಬರೋದು ಮಾತ್ರ ಇವತ್ತಿಗೂ ಇದೆ. ಮೂಗಂತೂ ಗೋಡೆ ಥರ ಆಗಿತ್ತು.

ಎಡೆ ಅಡುಗೆನ ಅಲ್ಲಿಂದ ವೀಣನೇ ಬಂದು ನಮ್ಮ ಒಲೆ ಮೇಲೆ ಮಾಡೋಳು. ನಾನು ಈರುಳ್ಳಿ ಹೆಚ್ಚಿಕೊಟ್ಟು ದೂರ ಕೂತಿರೋಳು. ಹೀಗೆ ಕೆಲವು ವರ್ಷ ನಡೀತು. ಆಮೇಲೆ ಒಂದು ಅಮಾವಾಸ್ಯೆಲಿ ಉಂಡು ಕೈ ತೊಳೆಯುವಾಗ ವೀಣ ಸಣ್ಣಗೆ ಶುರು ಮಾಡಿದ್ಳು. ವರ್ಷವರ್ಷ ಪಾತ್ರೆ ಪಗಡ ಹೊತ್ಕೊಂಡು ನಿಮ್ಮನೆಗೆ ಯಾಕೆ ಬರಬೇಕು ಅಕ್ಕ, ಮಾಡೋಳು ನಾನೇ ಆದ್ಮೇಲೆ ಎಡೆ ನಮ್ಮನೆಲೇ ಇಟ್ಕೋತೀವಿ ಅಂದ್ಳು. ರಾಜೇಂದ್ರ ತಲೆ ಆಡಿಸ್ದ. ಕೆಂಪರಾಜು ನೆಲ ನೋಡ್ಕೊಂಡು ಕೂತಿದ್ದ.

ಹೊರಗಿನವರಿಗೆ ಇದು ಏನೂ ಅಲ್ಲದ ಮಾತು ಅನ್ನಿಸಬಹುದು. ನಮ್ಮಲ್ಲಿ ಒಲೆ ಬದಲಾದ್ರೆ ಎಡೆ ಬದಲಾದಂಗೆ. ಒಂದು ಸಲ ಇನ್ನೊಂದು ಮನೇಲಿ ಇಟ್ರೆ ಹಿರಿಯರು ಆ ಬಾಗಿಲಿಗೇ ಹೋಗೋದು, ಮತ್ತೆ ಹಳೇ ಬಾಗಿಲಿಗೆ ಬರಲ್ಲ ಅಂತಾರೆ. ನಮ್ಮತ್ತೆ ಮುಖನ ಕೊನೆಗೆ ನೋಡಲಿಲ್ಲ ನಾನು. ಅವಳಿಗೂ ನಂಗೂ ಉಳಿದಿದ್ದು ವರ್ಷಕ್ಕೊಂದು ಎಲೆ. ಅದನ್ನೂ ರಸ್ತೆ ಆಚೆಗೆ ಕಳಿಸು ಅಂದ್ರೆ ಹೇಗೆ ಕಳಿಸೋದು? ಮುಂದಿನ ವರ್ಷ ನಾನೇ ಮಾಡ್ತೀನಿ, ಮೂಸಿಯೇ ಮಾಡ್ತೀನಿ, ಹದ ತಪ್ಪಿದ್ರೆ ಎಡೆ ನಿಮ್ಮನೆಗೇ ಹೋಗ್ಲಿ ಅಂದುಬಿಟ್ಟೆ. ಅಂದಿದ್ದೇನೋ ಅಂದೆ, ಅವತ್ತಿಗೆ ನಂಗೆ ಊದಿನಕಡ್ಡಿಗೂ ಹುಲ್ಲುಕಡ್ಡಿಗೂ ವ್ಯತ್ಯಾಸ ಗೊತ್ತಾಗ್ತಿರಲಿಲ್ಲ.

ಮಂಡ್ಯದಲ್ಲಿ ಒಬ್ಬ ಮೂಗಿನ ಡಾಕ್ಟ್ರನ್ನ ನೋಡಿದೆ. ಒಳ್ಳೆ ಮನುಷ್ಯ. ಬರಬಹುದು, ಬರದೇನೂ ಇರಬಹುದು, ನಂಗೂ ಗೊತ್ತಿಲ್ಲಮ್ಮ ಅಂತ ನೇರವಾಗಿ ಹೇಳಿದ. ಲವಂಗ, ನಿಂಬೆಹಣ್ಣು, ಗುಲಾಬಿ, ನೀಲಗಿರಿ ಎಣ್ಣೆ ಇವನ್ನ ದಿನಾ ಬೆಳಗ್ಗೆ ಸಂಜೆ ಮೂಸಿ, ಮೂಸುವಾಗ ಅದರ ಹಳೇ ವಾಸನೆನ ಮನಸ್ಸಲ್ಲಿ ನೆನೆಸ್ಕೊಳ್ಳಿ ಅಂದ. ನಂಗೆ ಮೊದಲಿಂದ ಒಂದು ಚಾಳಿ, ಒಂದು ವಿಷಯ ಹಿಡಿದ್ರೆ ತಳ ಕಾಣೋವರೆಗೂ ಕೆದಕ್ತೀನಿ. ಗುಲಾಬಿನ ನಾವೇನು ದಿನಾ ಮೂಸ್ತಿದ್ವಾ ಅಂತ ಅದನ್ನ ಬಿಟ್ಟು, ಹರಳೆಣ್ಣೆ, ಹುಣಸೆಹಣ್ಣು, ಹುರಿದ ಕೊತ್ತಂಬರಿ ಬೀಜ, ಕೊನೆಗೆ ಕೊಟ್ಟಿಗೆಯ ಗಂಜಲನೂ ಸೇರಿಸ್ಕೊಂಡೆ. ಸಾಲಾಗಿ ಡಬ್ಬಿ ಇಟ್ಕೊಂಡು ಕಣ್ಣು ಮುಚ್ಚಿ ಮೂಸೋದು ನೋಡಿ ಕೆಂಪರಾಜು, ಮೂಗಿಗೆ ಎಸ್ಸೆಸ್ಸೆಲ್ಸಿ ಕಟ್ಟಿಸಿದ್ದೀಯಾ ಅಂತ ರೇಗಿಸೋನು. ಫೇಲಾಗ್ತಾನೇ ಇತ್ತು.

ಒಂದು ದಿನ ಈರುಳ್ಳಿ ಒಗ್ಗರಣೆಗೆ ಹಾಕಿದೀನಿ, ಮೂಗಿಗೆ ಏನೋ ಬಡಿದಂಗಾಯ್ತು. ಸೌಟು ಕೆಳಗೆ ಬಿತ್ತು. ಕೊಕ್ಕರೆ. ಕೊಕ್ಕರೆ ಹಿಕ್ಕೆ, ಕೊಳೆತ ಮೀನು, ಗರಿ, ಎಲ್ಲ ಸೇರಿದ ನಮ್ಮೂರ ನಾತ. ಹೆಂಚಿನ ಮೇಲೆ ಹಕ್ಕಿ ಗಿಕ್ಕಿ ಸತ್ತು ಬಿದ್ದಿದೆ ಅಂತ ಕೆಂಪರಾಜುನ ಏಣಿ ಹತ್ತಿಸಿದೆ. ಏನೂ ಇಲ್ಲ. ಕಾಫಿ ಕಾಯಿಸಿದೆ, ಅದೂ ಕೊಕ್ಕರೆ. ಸೋಪು ಕೊಕ್ಕರೆ. ಇವನು ಏಣಿ ಇಳಿದು ಸ್ನಾನ ಮಾಡಿ ಬಂದ್ರೆ ಇವನೂ ಕೊಕ್ಕರೆ. ನಾನು ಅಡುಗೆಮನೆ ನೆಲದ ಮೇಲೆ ಕೂತು ಹೊಟ್ಟೆ ಹಿಡ್ಕೊಂಡು ನಕ್ಕೆ. ಇಷ್ಟು ದಿನ ಕಾದ್ರೆ ಬಂದಿದ್ದು ಇದಾ ಅಂತ.

ಡಾಕ್ಟ್ರು ಕೇಳಿ ನಗಲಿಲ್ಲ. ಮೂಗಿನ ನರ ಮತ್ತೆ ಬೆಳೆಯುವಾಗ ತಪ್ಪು ಜಾಗಕ್ಕೆ ಅಂಟ್ಕೊಳ್ತವೆ, ಕೆಲವರಿಗೆ ಸುಟ್ಟ ರಬ್ಬರ್ ಥರ, ಕೆಲವರಿಗೆ ಚರಂಡಿ ಥರ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಕೆಟ್ಟ ವಾಸನೆ ಬರ್ತದೆ ಅಂದ. ಕೆಟ್ಟ ವಾಸನೆ ಅಂತ ನಾನೆಲ್ಲಿ ಹೇಳಿದೆ ಸ್ವಾಮಿ, ನಮ್ಮೂರ ವಾಸನೆ ಅಂದೆ ಅಷ್ಟೆ ಅಂದೆ. ಆಯಪ್ಪ ಬರೀತಿದ್ದ ಪೆನ್ನು ನಿಲ್ಲಿಸಿ ನನ್ನನ್ನೇ ನೋಡಿದ.

ನಂಗೆ ಒಂದೇ ಹುಳ ಕೊರೀತಿತ್ತು. ಇದು ನಿಜವಾಗ್ಲೂ ಅದೇನಾ, ಇಲ್ಲ ಮೂಗು ಸುಳ್ಳು ಹೇಳ್ತಿದೆಯಾ? ನಿಜವಾದ ಕೊಕ್ಕರೆ ಕೆಳಗೆ ನಿಂತ್ರೆ ಏನು ವಾಸನೆ ಬರ್ತದೆ? ಕಾಫಿದಾ? ಹಕ್ಕಿಗಳು ಊರಲ್ಲಿರೋ ಕಾಲ ನೋಡ್ಕೊಂಡು ಬಸ್ಸು ಹತ್ತಿದೆ. ಮದ್ದೂರಲ್ಲಿ ಬಸ್ಸು ಬದಲಾಯಿಸುವಾಗ ಒಂದು ವಡೆ ತಿಂದೆ. ಅದೂ ಕೊಕ್ಕರೆ. ಕರುಮ್ ಕುರುಮ್ ಅಂತಿತ್ತು, ಹಾಗಾಗಿ ಇನ್ನೊಂದು ತಗೊಂಡೆ.

ಊರಲ್ಲಿ ನಮ್ಮಣ್ಣ ಶಿವಣ್ಣ ನನ್ನ ಕತೆ ಕೇಳಿ, ಟವಲ್ ತಂದು ನನ್ನ ಕಣ್ಣಿಗೆ ಬಿಗಿಯಾಗಿ ಕಟ್ಟಿ, ಕೈ ಹಿಡ್ಕೊಂಡು ಬೀದಿಗೆ ಇಳಿಸಿದ. ಚಿಕ್ಕವರಿದ್ದಾಗ ಆಡ್ತಿದ್ದ ಆಟ ಅದು, ಕಣ್ಣು ಕಟ್ಟಿದ್ರೂ ಯಾವ ಮರದಲ್ಲಿ ಮೊಟ್ಟೆ, ಯಾವುದರಲ್ಲಿ ಮರಿ ಅಂತ ಹೇಳಬೇಕು. ಒಂದು ಕಡೆ ನಿಲ್ಲಿಸಿ, ಇದು ಅಂದ. ಮೂಸಿದೆ. ತಣ್ಣಗೆ, ಒದ್ದೆ ಒದ್ದೆಯಾಗಿತ್ತು. ಮೊಟ್ಟೆ ಅಂದೆ. ಮುಂದೆ ಕರ್ಕೊಂಡು ಹೋದ. ಅಲ್ಲಿ ಮೀನು ಮೂಗಿಗೆ ಚುಚ್ಚಿತು. ಎಳೇ ಮರಿ ಅಂದೆ. ಇನ್ನೊಂದು ಕಡೆ ನಾತ ಒಣಗಿ ಹಗುರ ಆಗಿತ್ತು, ಸುಣ್ಣ ಬಳಿದ ಗೋಡೆ ಬಿಸಿಲಿಗೆ ಕಾದಂಗೆ. ಮರಿ ಹಾರಿಹೋಗವೆ, ಮರ ಖಾಲಿ ಅಂದೆ. ಶಿವಣ್ಣ ಟವಲ್ ಬಿಚ್ಚಿದ. ತಲೆ ಎತ್ತಿ ನೋಡಿದೆ. ಖಾಲಿ ಗೂಡುಗಳು.

"ನಿನ್ ಮೂಗು ಎಲ್ಲೂ ಓಗಿಲ್ಲ ಕಣಮ್ಮಿ, ತವರಿಗೆ ಬಂದು ಕುಂತದೆ" ಅಂದ ನಮ್ಮಣ್ಣ.

ನಾನು ಆ ಮರದ ಕೆಳಗೇ ಅತ್ತುಬಿಟ್ಟೆ. ಮೂಗು ಸತ್ತಿಲ್ಲ. ಅದಕ್ಕೆ ಒಂದೇ ಭಾಷೆ ಉಳಿದಿದೆ, ಆ ಭಾಷೆ ನಂಗೆ ಹುಟ್ಟಿದಾಗಿಂದ ಬರ್ತದೆ. ಅಂದಮೇಲೆ ಅಡುಗೆಮನೇಲಿ ಬರೋದೂ ಒಂದೇ ನಾತ ಅಲ್ಲವಲ್ಲ, ಅದರಲ್ಲೂ ಮೊಟ್ಟೆ, ಮರಿ, ಖಾಲಿ ಮರ ಇರಬೇಕಲ್ಲ ಅಂತ ತಲೆ ಓಡ್ತು. ಮಾರನೇ ದಿನವೇ ಹೊಳಲಿಗೆ ವಾಪಸ್ ಬಂದೆ.

ಅಲ್ಲಿಂದ ದಿನಾ ಅದೇ ಕೆಲಸ. ಹಬೆಗೆ ಅಂಗೈ ಹಿಡಿಯೋದು, ಮೂಸೋದು, ಏನು ಅಂತ ಮನಸ್ಸಲ್ಲೇ ಹೇಳ್ಕೊಳ್ಳೋದು, ಆಮೇಲೆ ನಾಲಿಗೆಗೆ ಹಾಕಿ ನಿಜ ನೋಡೋದು. ಮಾಮೂಲಿ ದಿನ ರುಚಿ ನೋಡಕ್ಕೆ ಯಾರ ಅಡ್ಡಿನೂ ಇಲ್ಲ, ನಾಲಿಗೆಗೆ ಉಪ್ಪು, ಹುಳಿ, ಖಾರ ಗೊತ್ತಾಗೋದು. ಹಸಿ ಮಸಾಲೆ ಅಂದ್ರೆ ಮೊಟ್ಟೆ ಮರ. ಬಾಡು ಅರ್ಧ ಬೆಂದಾಗ ಎಳೇ ಮರಿ. ಎಲ್ಲ ಬೆಂದು ಉಪ್ಪು ಹದವಾಗಿ ಕೂತಾಗ ಆ ಖಾಲಿ ಮರ, ಒಣಗಿ ಹಗುರಾಗಿ. ಉಪ್ಪು ಜಾಸ್ತಿ ಆದ್ರೆ ಅದೇ ಖಾಲಿ ಮರ ಮೂಗಿಂದ ನೆತ್ತಿಗೆ ಏರೋದು. ಎಷ್ಟೋ ಸಲ ತಪ್ಪಾಯ್ತು. ಕಾಫಿ ಮಾತ್ರ ಇವತ್ತಿಗೂ ಏನಂತ ಬಗೆಹರಿದಿಲ್ಲ. ಕೆಂಪರಾಜು ಸಪ್ಪೆ ಸಾರನ್ನೂ ಉಪ್ಪಿನ ಸಾರನ್ನೂ ಒಂದೇ ಮುಖ ಇಟ್ಕೊಂಡು ಉಂಡ. ಕೊಕ್ಕರೆ ವಿಷಯ ಅವನಿಗೆ ಎಷ್ಟು ಬಿಡಿಸಿ ಹೇಳಿದ್ರೂ, ಪಾಪ ಇವಳಿಗೆ ಇನ್ನೂ ವಾಸಿಯಾಗಿಲ್ಲ ಅನ್ನೋ ಥರ ತಲೆ ಆಡಿಸೋನು.

ಅಮಾವಾಸ್ಯೆ ಬಂತು. ಬೆಳಗ್ಗೆಯೇ ಮಿಂದು ಒಲೆ ಹಚ್ಚಿದೆ. ಮಸಾಲೆ ನಾನೇ ರುಬ್ಬಿದೆ. ವೀಣ ಈರುಳ್ಳಿ ಹೆಚ್ಚಿಕೊಟ್ಟು, ನನ್ನನ್ನೇ ನೋಡ್ಕೊಂಡು ಬಾಗಿಲ ಹತ್ರ ಕೂತಿದ್ಳು. ಬಾಡು ಬೇಯೋದು ಕಾದು, ಉಪ್ಪು ಹಾಕಿ, ಅಂಗೈ ಹಿಡಿದೆ. ಎಳೇ ಮರಿ. ಇನ್ನೊಂದು ಕುದಿ ಬಂದ ಮೇಲೆ ಮತ್ತೆ ಹಿಡಿದೆ. ಒಣಗಿತು, ಹಗುರಾಯ್ತು. ಹುಣಸೇಮರ ಖಾಲಿ. ಸರಿಯಾಗಿದೆ ಅಂತ ಮುಚ್ಚಳ ಮುಚ್ಚಿದೆ. ಆ ಖುಷಿಗೋ ಏನೋ ಏದುಸಿರು ಶುರುವಾಯ್ತು. ಹೋಗಿ ಜಗಲಿ ಮೇಲೆ ಹಿಂದೆ ಅತ್ತೆ ಕೂರ್ತಿದ್ದ ಜಾಗದಲ್ಲಿ ಕೂತು ಸುಧಾರಿಸ್ಕೊಂಡೆ.

ಬಡಿಸಕ್ಕೆ ಅಂತ ವಾಪಸ್ ಬಂದು ಮುಚ್ಚಳ ಎತ್ತಿದೆ. ಸಾರು ನೆತ್ತಿಗೆ ಹೊಡೀತು. ಮತ್ತೆ ಅಂಗೈ ಹಿಡಿದೆ, ಅದೇ. ಯಾರೋ ಉಪ್ಪು ಹಾಕವ್ರೆ ಅಂದೆ. ವೀಣ ನಾನಂತೂ ಮುಟ್ಟಿಲ್ಲ ಅಂದ್ಳು. ರಾಜೇಂದ್ರ ಅವಳ ಮುಖ ನೋಡಿದ. ಕೆಂಪರಾಜು ಹತ್ತಿರ ಬಂದು, ನಿಂಗೆ ಹಾಗನ್ನಿಸ್ತದೆ ಅಷ್ಟೆ, ಮೊದಲೇ ಸರಿಯಾಗಿದೆ ಅಂದ್ಯಲ್ಲ ಬುಡು ಅಂತ ಮೆಲ್ಲಗೆ ಹೇಳಿದ. ನಾಲಿಗೆಗೆ ಒಂದು ತೊಟ್ಟು ಬಿಟ್ಕೊಂಡ್ರೆ ಮುಗೀತು, ಆದ್ರೆ ಬಿಟ್ಕೊಳ್ಳೋ ಹಾಗಿಲ್ಲ. ಮೂಗು ಸುಳ್ಳು ಹೇಳಿ ನಾನು ನೀರು ಹಾಕಿದ್ರೆ ಸಾರು ಸಪ್ಪೆ, ಎಡೆ ರಸ್ತೆ ಆಚೆಗೆ. ಮೂಗು ನಿಜ ಹೇಳಿ ನಾನು ಸುಮ್ನಿದ್ರೆ ಉಪ್ಪಿನ ಸಾರು, ಆಗ್ಲೂ ಎಡೆ ರಸ್ತೆ ಆಚೆಗೆ. ಕಣ್ಣು ಮುಚ್ಚಿ ಇನ್ನೊಂದು ಸಲ ಮೂಸಿದೆ, ಶಿವಣ್ಣ ಟವಲ್ ಕಟ್ಟಿದಾಗ ಮೂಸಿದಂಗೆ. ಆಮೇಲೆ ಪಕ್ಕದ ಒಲೇಲಿದ್ದ ಬಿಸಿನೀರನ್ನ ಎಲ್ಲರ ಎದುರಿಗೇ ಹಂಡೆಗೆ ಬಗ್ಗಿಸಿದೆ. ಉಳಿದ ಕಾಯಿಮಸಾಲೆ ಹಾಕಿದೆ, ಕುದಿಸಿದೆ, ಮೂಸಿದೆ. ಖಾಲಿ ಮರ ಮತ್ತೆ ಬರೋವರೆಗೂ ಬಿಡಲಿಲ್ಲ.

ಅತ್ತೆ ಎಲೆಗೆ ಮೊದಲು ಬಡಿಸಿದೆ. ಪಕ್ಕದಲ್ಲಿ ಅವಳ ಹಸಿರು ಸೀರೆ, ಎಲೆಅಡಿಕೆ, ಹೊಗೆಸೊಪ್ಪು ಇಟ್ಟೆ. ಕೈ ಮುಗಿದು ಬಾಗಿಲು ಎಳ್ಕೊಂಡೆ. ಆಚೆ ಕೂತು ಕಾಯುವಾಗ ಬಡಿಸೋ ಪಾತ್ರೆ ತರ್ತೀನಿ ಅಂತ ಕೆಂಪರಾಜು ಒಂದು ಸಲ ಅಡುಗೆಮನೆಗೆ ಹೋಗಿ ಬಂದ.

ಕೆಮ್ಮಿ ಬಾಗಿಲು ತೆಗೆದಿದ್ದಾಯ್ತು, ನಾವೆಲ್ಲ ಸಾಲಾಗಿ ಕೂತಿದ್ದಾಯ್ತು, ಹಂಡೆಯಿಂದ ಬಡಿಸಿದ್ದಾಯ್ತು. ಮುದ್ದೆ ಮುರಿದು ಸಾರಲ್ಲಿ ಅದ್ದಿ ಬಾಯಿಗಿಟ್ಟೆ. ಉಪ್ಪು. ನಾಲಿಗೆ ಸುರುಟಿಕೊಳ್ಳೋ ಅಷ್ಟು ಉಪ್ಪು. ರಾಜೇಂದ್ರ ನೀರಿನ ಚೊಂಬು ಎತ್ತಿದ. ವೀಣ ತಲೆ ತಗ್ಗಿಸಿ ಎಲೆ ಮೇಲೆ ಗೆರೆ ಎಳೀತಿದ್ಳು. ಮೂಗು ನನ್ನನ್ನ ನಡುನೀರಲ್ಲಿ ಕೈ ಬಿಡ್ತು, ಎಡೆ ಹೋಯ್ತು, ಅತ್ತೆ ಹೋದಳು ಅಂತ ಕಣ್ಣು ತುಂಬಿ ಬಂತು.

ಆದ್ರೂ ಆ ಕೆದಕೋ ಚಾಳಿ ಎಲ್ಲಿ ಹೋಗ್ತದೆ? ಇಷ್ಟು ಉಪ್ಪು ನನ್ನ ಮೂಗಿಗೆ ಗೊತ್ತಾಗದೇ ಇರಕ್ಕೆ ಸಾಧ್ಯನಾ ಅನ್ನಿಸ್ತು. ಎಡಗೈಯಲ್ಲಿ ಕಣ್ಣೊರೆಸ್ಕೊಂಡು ಎದ್ದು ಕೋಣೆಗೆ ಹೋದೆ. ಅತ್ತೆ ಎಲೆ ಮೇಲಿನ ಸಾರಿಗೆ ಬೆರಳು ಅದ್ದಿ ನೆಕ್ಕಿದೆ. ಸರಿಯಾಗಿತ್ತು. ಉಪ್ಪು ಒಂದು ಕಲ್ಲು ಹೆಚ್ಚಿಲ್ಲ, ಒಂದು ಕಲ್ಲು ಕಮ್ಮಿ ಇಲ್ಲ.

ಆ ಎಲೆನ ಎರಡೂ ಕೈಲಿ ಎತ್ಕೊಂಡು ಬಂದು ವೀಣನ ಮುಂದೆ ಇಟ್ಟೆ. ಉಂಡು ನೋಡು ಅಂದೆ. ಒಂದು ತುತ್ತು ಬಾಯಿಗಿಟ್ಟವಳು ಅಗಿಯೋದು ನಿಲ್ಲಿಸಿದ್ಳು. ಒಂದೇ ಹಂಡೆ, ಒಂದೇ ಸೌಟು, ಎರಡು ಸಾರು ಹೇಗಾಯ್ತು ಅಂತ ನಾನು ಕೇಳಿದ್ದಷ್ಟೇ. ಕೆಂಪರಾಜು ಉಣ್ಣೋದು ಬಿಟ್ಟು ಕೈ ಒರೆಸ್ಕೊಂಡ.

"ನಾನೇ ಆಕ್ದೆ. ನೀನು ಅಷ್ಟು ನೀರು ಸುರಿದ್ಯಲ್ಲ, ಸಪ್ಪೆ ಆಗೋಯ್ತು ಅಂದ್ಕಂಡೆ. ಎಲ್ಲರ್ ಮುಂದೆ ನಿನ್ ಮರ್ವಾದೆ ಓಗ್ಬಾರ್ದು ಅಂತ ಆಕ್ಬುಟ್ಟೆ ಕಣೇ."

ಅವನು ಹಾಕಿದ್ದು ಎಡೆ ಬಡಿಸಿದ ಮೇಲೆ, ಪಾತ್ರೆ ತರಕ್ಕೆ ಅಂತ ಹೋದಾಗ. ಮೊದಲು ಹಾಕಿದ್ದು ಯಾರು ಅಂತ ನಾನು ಕೇಳಲೇ ಇಲ್ಲ. ವೀಣ ತಾನಾಗೇ ಹೇಳಿದ್ಳು. ನೀನು ಜಗಲಿ ಮೇಲೆ ಕೂತಿದ್ದಾಗ ಒಂದು ಹಿಡಿ ಹಾಕಿದೆ ಅಕ್ಕ, ಕೆಡಿಸಕ್ಕಲ್ಲ, ನಿಂಗೆ ಪಾಪ ವಾಸನೆ ಬರಲ್ಲ, ಕಮ್ಮಿ ಹಾಕಿರ್ತೀಯ ಅಂತ, ಎಷ್ಟಾದ್ರೂ ಅತ್ತೆಗೆ ಉಪ್ಪು ಮುಂದಿರಬೇಕಲ್ಲ ಅಂದ್ಳು. ಅವಳ ಕಣ್ಣಲ್ಲೂ ನೀರಿತ್ತು, ನಂಗೆ ಅವಳನ್ನ ಬೈಯಕ್ಕೂ ಬಾಯಿ ಬರಲಿಲ್ಲ. ನಂಬಲಿಲ್ಲವಲ್ಲ ಇಬ್ಬರೂ ಅಂತ ಸಿಟ್ಟೂ ಬಂತು, ಇಬ್ಬರೂ ನನಗೋಸ್ಕರವೇ ಹಾಕಿದರಲ್ಲ ಅಂತ ಆ ಸಿಟ್ಟು ನಿಲ್ಲಲೂ ಇಲ್ಲ.

ಅತ್ತೆ ಎಲೆ ಮುಂದೆ ಕೂತು ನಾನೂ ಒಂದು ತುತ್ತು ಉಂಡೆ. ನಾಲಿಗೆಗೆ ಹದವಾದ ಸಾರು, ಮೂಗಿಗೆ ಹಕ್ಕಿ ಹಾರಿಹೋದ ನಮ್ಮೂರ ಹುಣಸೇಮರ. ಯಾವ ನಾತಕ್ಕೆ ಅವಳು ಜೀವಮಾನ ಪೂರ್ತಿ ಸೆರಗು ಮುಚ್ಕೊಂಡಿದ್ಳೋ, ಅದನ್ನೇ ಮೂಸಿ ಅವಳ ಎಡೆ ಮಾಡಿದ್ದೆ. ಇನ್ನೊಂದು ಸಲ ಅವಳ ಬಾಯಿಂದ ಉಪ್ಪು ಕಮ್ಮಿ ಅನ್ನಿಸ್ಕೊಬೇಕು ಅಂತ ತುಂಬ ಆಸೆ ಆಯ್ತು.

ಕೆಂಪರಾಜು ತಾನು ಹಾಕಿದ ಉಪ್ಪನ್ನ ತಾನೇ ಉಣ್ತೀನಿ ಅಂತ ಹಠ ಹಿಡಿದು ತನ್ನ ಎಲೆ ಖಾಲಿ ಮಾಡ್ತಾ, ಚೊಂಬು ಮೇಲೆ ಚೊಂಬು ನೀರು ಕುಡೀತಿದ್ದ. ಕುಡೀಲಿ ಅಂತ ಬಿಟ್ಟೆ. ವೀಣ ಎದ್ದು ಕೈ ತೊಳೆದು ಬಂದು, ನನ್ನ ಮುಖ ನೋಡದೆ ಹಂಡೆ ಎತ್ತಿಡ್ತಾ ಕೇಳಿದ್ಳು.

"ಮುಂದಿನ್ ವರ್ಸ ಈರುಳ್ಳಿ ಎಚ್ಚಕ್ಕೆ ಎಷ್ಟೊತ್ಗೆ ಬರ್ಲಕ್ಕ?"

ಬೆಳಗ್ಗೆಯೇ ಬಾ ಅಂದೆ. ಉಪ್ಪಿನ ಡಬ್ಬ ಮಾತ್ರ ನನ್ನ ಮಡಿಲಲ್ಲೇ ಇರ್ತದೆ ಅಂತಲೂ ಹೇಳಿದೆ.